ಇಪ್ಪತ್ತು ಅಡಿ ಅಗಲದ ಸೇತುವೆ

ಮಳೆ ಜೋರಾದ ವರ್ಷ ಆಗಸ್ಟ್ ತಿಂಗಳಲ್ಲಿ ನಾನು ಸ್ಟುಡಿಯೋದಲ್ಲಿ ಕೂತು ತಪ್ಪದೆ ಓದೋ ಒಂದು ಸಾಲಿದೆ. "ಹೂವಿನಹೆಡಗಿ ಸೇತುವೆ ಮುಳುಗಡೆ, ದೇವದುರ್ಗ–ಶಹಾಪುರ ಸಂಪರ್ಕ ಕಡಿತ." ಹಿಂದೆ ಪರದೆಯ ಮೇಲೆ ಕೆಂಪು ನೀರು, ನೀರಿನಲ್ಲಿ ಮುಳುಗಿದ ಕಂಬದ ತುದಿ, ಬ್ಯಾರಿಕೇಡ್ ಹಾಕಿ ನಿಂತ ಪೊಲೀಸರು. ನಲವತ್ತು ಸೆಕೆಂಡ್. ಆಮೇಲೆ ನಾನು ರಾಜಕೀಯಕ್ಕೆ ಹೋಗ್ತೀನಿ, ನೀವು ಊಟಕ್ಕೆ ಹೋಗ್ತೀರಿ.

ಒಂದು ಸಲ ಬುಲೆಟಿನ್ ಮುಗಿಸಿ ಮೈಕ್ ಬಿಚ್ಚುವಾಗ ತಲೆಗೆ ಬಂತು. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು. ಸೇತುವೆ ಮುಳುಗಿತು ಅಂತ ವರ್ಷ ವರ್ಷ ಓದ್ತೀನಲ್ಲ, ಸೇತುವೆ ಯಾಕೆ ಮುಳುಗುತ್ತೆ ಅಂತ ಒಂದು ಸಲನಾದ್ರೂ ಕೇಳಿದ್ದೀನಾ? ಮುಳುಗುವಷ್ಟು ತಗ್ಗಿನಲ್ಲಿ ಅದನ್ನ ಕಟ್ಟಿದ್ದು ಯಾರ ತೀರ್ಮಾನ? ಅದೇ ಜಿಲ್ಲೆಯಲ್ಲಿ, ಅದೇ ಕೃಷ್ಣೆ ಮೇಲೆ, ನಿಜಾಮನ ಕಾಲದಲ್ಲಿ 60 ಅಡಿ ಎತ್ತರದ ಸೇತುವೆ ಕಟ್ಟಿದ್ದಾರೆ. ಹಾಗಾದ್ರೆ ಎತ್ತರದ ಸೇತುವೆ ಯಾರಿಗೆ, ತಗ್ಗಿನ ಸೇತುವೆ ಯಾರಿಗೆ? ಈ ಪ್ರಶ್ನೆ ಹಿಡ್ಕೊಂಡು ರಾಯಚೂರಿಗೆ ಹೋಗಿ ಬಂದೆ.

ಮೊದಲು ಮ್ಯಾಪ್ ನೋಡಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಸಿಕ್ಕಿಕೊಂಡ ನೆಲ. ಹಳೆಯ ಶಾಸನಗಳು ಇದನ್ನ ಎಡೆದೊರೆ ಅಂತ ಕರೆದವು, ಅಂದ್ರೆ ಎರಡು ಹೊಳೆಗಳ ನಡುವಿನ ನಾಡು. ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ, ರಾಯಚೂರು ಪೂರ್ವಕ್ಕೆ. ಹೈದರಾಬಾದ್‌ಗಾಗಲಿ, ಕಲಬುರಗಿಗಾಗಲಿ, ಮಂತ್ರಾಲಯಕ್ಕಾಗಲಿ, ಹೋಗಬೇಕು ಅಂದ್ರೆ ಹೊಳೆ ದಾಟಲೇಬೇಕು. ಇಲ್ಲಿಯ ರಸ್ತೆಯ ಇತಿಹಾಸ ಬರೆಯೋದು ಅಂದ್ರೆ ಹೊಳೆ ದಾಟಿದ ಇತಿಹಾಸ ಬರೆಯೋದೇ.

ಆದ್ರೆ ನಾನು ಶುರು ಮಾಡೋದು ಹೊಳೆಯಿಂದ ಅಲ್ಲ, ಒಂದು ಕಲ್ಲಿನಿಂದ. ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದೇ ಒಂದು ಕಲ್ಲು ಮಲಗಿದೆ, ಉದ್ದ ಹೆಚ್ಚೂಕಡಿಮೆ 42 ಅಡಿ. ಅದರ ಮೇಲೆ 1294ನೇ ಇಸವಿಯ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಅನ್ನೋರ ಅಪ್ಪಣೆಯಂತೆ ವಿಠ್ಠಲನಾಥ ಈ ಕೋಟೆ ಕಟ್ಟಿಸಿದ ಅಂತ ಅದು ಹೇಳುತ್ತೆ. ನನಗೆ ಶಾಸನಕ್ಕಿಂತ ಹೆಚ್ಚು ಇಷ್ಟ ಆಗಿದ್ದು ಅಲ್ಲಿ ಕೊರೆದಿರೋ ಚಿತ್ರ. ದೊಡ್ಡ ಕಲ್ಲನ್ನ ಬಂಡಿ ಮೇಲೆ ಹೇರಿದ್ದಾರೆ. ಗಾಲಿಗೆ ಕಡ್ಡಿ ಇಲ್ಲ, ತುಂಬು ಗಾಲಿ. ಮುಂದೆ ಉದ್ದಕ್ಕೆ ಜೋಡಿ ಜೋಡಿ ಕೋಣಗಳು. ಹಿಂದಿನಿಂದ ಆಳುಗಳು ಗಾಲಿಗೆ ಸನ್ನೆಗೋಲು ಕೊಟ್ಟು ಮೀಟ್ತಾ ಇದ್ದಾರೆ. ಏಳುನೂರು ವರ್ಷದ ಹಿಂದಿನ ಸೈಟ್ ಫೋಟೋ ಅನ್ನಿ. ಇವತ್ತು ನಮ್ಮ ಕಾಂಟ್ರಾಕ್ಟರ್‌ಗಳು ಫೋಟೋ ತೆಗೀತಾರೆ, ಬಿಲ್ ಪಾಸ್ ಮಾಡಿಸೋಕೆ. ಆ ಕಾಲದವರು ಕಲ್ಲಲ್ಲೇ ಕೊರೆದಿಟ್ಟರು.

ಲೆಕ್ಕ ಹಾಕಿ ನೋಡಿದೆ, ಹಳೇ ಚಟ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತೆ. ಕಲ್ಲಿನ ಅಗಲ, ದಪ್ಪ ಎರಡನ್ನೂ ಬರೀ ಎರಡೆರಡು ಅಡಿ ಅಂತ ಹಿಡಿದರೂ 12 ಟನ್ ದಾಟುತ್ತೆ. 12 ಟನ್ ಬಂಡಿ ಮೇಲೆ ಬರಬೇಕಾದ್ರೆ ನೆಲ ಗಟ್ಟಿ ಇರಬೇಕು, ಇಳಿಜಾರು ಹದವಾಗಿರಬೇಕು, ತಿರುವು ವಿಶಾಲ ಇರಬೇಕು, ಕೋಣಗಳ ಸಾಲು ಮುರಿಯಬಾರದು. ಅಂದ್ರೆ ಕೋಟೆ ಕಟ್ಟೋಕೆ ಮುಂಚೆ ಕೋಟೆಗೊಂದು ರಸ್ತೆ ಬೇಕಾಗಿತ್ತು. ಆ ರಸ್ತೆ ಇವತ್ತು ಎಲ್ಲೂ ಕಾಣಲ್ಲ, ಕಲ್ಲು ಮಾತ್ರ ಉಳಿದಿದೆ. ಒಂದು ಮಾತು. ಈಗಲೂ ಕಾರ ಹುಣ್ಣಿಮೆಗೆ ರಾಯಚೂರಲ್ಲಿ ಮುಂಗಾರು ಹಬ್ಬ ಮಾಡ್ತಾರೆ, ಎತ್ತುಗಳಿಂದ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸ್ತಾರೆ, ಜನ ಮಾಳಿಗೆ ಹತ್ತಿ ಕೂಗ್ತಾರೆ. ಆ ಚಿತ್ರ ನೋಡಿದವರಿಗೆ ಈ ಆಟ ಬರೀ ಆಟ ಅನಿಸಲ್ಲ.

ಕೋಟೆ ಮುಗಿದ ಮೇಲೆ ಬಂದದ್ದು ಬಾಗಿಲುಗಳು. ಒಳಕೋಟೆ ಕಾಕತೀಯರದ್ದು, ಹೊರಗೋಡೆ ಆಮೇಲೆ ಬಿಜಾಪುರದವರ ಕಾಲದ್ದು. ನವರಂಗ ದರ್ವಾಜಾ, ಕಾಟಿ ದರ್ವಾಜಾ, ಮೆಕ್ಕಾ ದರ್ವಾಜಾ ಅಂತ ಹೆಸರು ಈಗಲೂ ಉಳಿದಿವೆ. ಕೋಟೆ ಬಾಗಿಲು ಅಂದ್ರೆ ಏನು ಅಂತ ಎಂಜಿನಿಯರ್ ಕಣ್ಣಲ್ಲಿ ನೋಡಿ. ಬೇಕು ಅಂತಾನೇ ಇಕ್ಕಟ್ಟು. ಬೇಕು ಅಂತಾನೇ ತಿರುವು. ಆನೆ ಓಡಿ ಬಂದು ಗುದ್ದಬಾರದು, ಕುದುರೆ ಪಡೆ ಸಾಲಾಗಿ ನುಗ್ಗಬಾರದು, ಬಂದವನು ನಿಲ್ಲಬೇಕು, ನಿಂತವನ ಮೇಲೆ ಮೇಲಿನಿಂದ ಬಾಣ ಬೀಳಬೇಕು. ಕೋಟೆ ಬಾಗಿಲು ಅನ್ನೋದು ಟ್ರಾಫಿಕ್ ಜಾಮ್ ಮಾಡೋಕೆ ಅಂತಲೇ ಕಟ್ಟಿದ ಯಂತ್ರ! ಆ ಯಂತ್ರ ಇಂದಿಗೂ ಕೆಲಸ ಮಾಡ್ತಿದೆ. ತೀನ್ ಕಂದೀಲ್ ಸುತ್ತಮುತ್ತ ಸಂಜೆ ಆರು ಗಂಟೆಗೆ ಆಟೋದಲ್ಲಿ ಕೂತು ನೋಡಿ. ನಾನು ಕೂತಿದ್ದೆ. ಆಟೋದವರು ಹಾರ್ನ್ ಮೇಲೆ ಕೈ ಇಟ್ಟು ನಕ್ಕರು. "ಇಲ್ಲಿ ಹಿಂಗ ಇರ್ತೈತ್ರಿ ಸರ್. ರಾಜರ ಕಾಲದಾಗಿಂದ ಹಿಂಗ." ಅವರು ತಮಾಷೆಗೆ ಅಂದದ್ದು ಅಕ್ಷರಶಃ ನಿಜ.

ಈ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ನಡೀತು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಅದನ್ನ ಉದ್ದಕ್ಕೆ ಬರೆದಿದ್ದಾನೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಯಾರು ಗೆದ್ದರು ಅಂತ. ಆದರೆ ಆ ಕಥೆಯಲ್ಲಿ ಹೊಳೆಗೂ ದೊಡ್ಡ ಪಾತ್ರ ಇದೆ. ಆದಿಲ್ ಶಾಹನ ಸೈನ್ಯ ಕೃಷ್ಣೆ ದಾಟಿ ಈಚೆ ಬಂತು, ಬೆನ್ನ ಹಿಂದೆ ಹೊಳೆ ಇಟ್ಟುಕೊಂಡು ಕಾದಿತು. ಸೋತು ಹಿಂದೆ ಓಡಿದಾಗ ಸೇತುವೆ ಅಂತ ಒಂದಿರಲಿಲ್ಲ. ಕತ್ತಿಗೆ ಸಿಕ್ಕದವರು ನೀರಿಗೆ ಸಿಕ್ಕರು.

ಕೃಷ್ಣೆ ಮೇಲೆ ಗಟ್ಟಿ ಸೇತುವೆ ಬರೋಕೆ ಅಲ್ಲಿಂದ ಇನ್ನೂ 350 ವರ್ಷ ಬೇಕಾಯ್ತು. ಬಂದದ್ದು ರೈಲಿಗೆ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕೃಷ್ಣೆ ದಾಟಿ ಬಂತು, ಮದ್ರಾಸ್ ಕಡೆಯಿಂದ ಮದ್ರಾಸ್ ರೈಲ್ವೆ ತುಂಗಭದ್ರೆ ದಾಟಿ ಬಂತು. 1871ರಲ್ಲಿ ಎರಡೂ ಕೂಡಿದ ಜಾಗ ಯಾವುದು ಗೊತ್ತಾ? ರಾಯಚೂರು. ದೇಶದ ಎರಡು ದೊಡ್ಡ ಬಂದರುಗಳನ್ನ ಬೆಸೆದ ಗಂಟು ನಮ್ಮ ಊರಲ್ಲಿ ಬಿತ್ತು ಅಂತ ಹೆಮ್ಮೆ ಪಡಬಹುದು, ಪಡೋಣ. ಆದರೆ ಆ ಸೇತುವೆ ಯಾರಿಗೆ? ಹತ್ತಿ ಮುಂಬೈಗೆ ಹೋಗಬೇಕು, ಅಂಚೆ ಮದ್ರಾಸ್‌ಗೆ ಹೋಗಬೇಕು, ಸಿಪಾಯಿಗಳು ಎರಡೂ ಕಡೆ ಹೋಗಬೇಕು. ದೇವದುರ್ಗದ ರೈತ ಎತ್ತಿನ ಬಂಡಿ ಹೂಡಿಕೊಂಡು ರೈಲು ಸೇತುವೆ ಮೇಲೆ ಹೋಗೋಕಾಗಲ್ಲ. ಮಳೆಗಾಲದಲ್ಲಿ ಅವನಿಗೆ ಹರಿಗೋಲೇ ಗತಿ. ಕಂಬಗಳ ಮೇಲೆ ರೈಲು ಹೋಗ್ತಾ ಇತ್ತು, ಅದೇ ಹೊಳೆಯಲ್ಲಿ ತೊಗಲು ಹೊದಿಸಿದ ಹರಿಗೋಲು ಗಿರಗಿರ ಸುತ್ತುತ್ತಾ ಇತ್ತು.

ರಸ್ತೆಯಲ್ಲಿ ಹೋಗೋರಿಗೆ ಅಂತ ಎತ್ತರದ ಸೇತುವೆ ಬಂದದ್ದು 1943ರಲ್ಲಿ. ಲೆಕ್ಕ ಮಾಡಿ, ರೈಲಿಗೂ ಬಂಡಿಗೂ ನಡುವೆ 72 ವರ್ಷ. ದೇವಸೂಗೂರಿನ ಹತ್ತಿರ, ಈಗ ಶಕ್ತಿನಗರ ಅಂತೀವಲ್ಲ ಅಲ್ಲಿ, ಹೈದರಾಬಾದ್ ನಿಜಾಮರ ಸರ್ಕಾರ ಕಟ್ಟಿಸಿತು. ರಾಜಮನೆತನದ ಜವ್ವಾದ್ ಜಾಹ್ ಹೆಸರಲ್ಲಿ ಅದಕ್ಕೆ ಸಿರಾತ್-ಎ-ಜೂದಿ ಅಂತ ಹೆಸರಿಟ್ಟರು. ಜನರ ಬಾಯಲ್ಲಿ ಅದು ಕೃಷ್ಣಾ ಬ್ರಿಜ್, ಅಷ್ಟೇ. 35 ಕಮಾನು, ಉದ್ದ 2,488 ಅಡಿ, ಎತ್ತರ 60 ಅಡಿ, ಖರ್ಚು 13,28,500 ರೂಪಾಯಿ. ಆಗ ಎರಡನೇ ಮಹಾಯುದ್ಧ ನಡೀತಾ ಇತ್ತು ಅನ್ನೋದು ನೆನಪಿರಲಿ.

ಕಮಾನು ಸೇತುವೆಯ ಗುಣ ಅಂದ್ರೆ ಮೇಲಿನ ಭಾರ ಒತ್ತಡವಾಗಿ ಕಂಬಕ್ಕೆ ಇಳಿಯುತ್ತೆ, ಎಳೆತ ಕಡಿಮೆ. ಕಲ್ಲು, ಕಾಂಕ್ರೀಟು ಒತ್ತಡಕ್ಕೆ ಹೆದರಲ್ಲ. ಅದಕ್ಕೇ ಎಂಬತ್ತು ವರ್ಷ ದಾಟಿದರೂ ನಿಂತಿದೆ. ಆದ್ರೆ ಒಂದು ಅಳತೆ ನಾನಿನ್ನೂ ಹೇಳಿಲ್ಲ. ಅಗಲ 20 ಅಡಿ.

1943ಕ್ಕೆ 20 ಅಡಿ ಧಾರಾಳ. ಎದುರು ಬದುರು ಎರಡು ಎತ್ತಿನ ಬಂಡಿ, ಅಪರೂಪಕ್ಕೊಂದು ಬಸ್ಸು. ಈಗ ಅದೇ 20 ಅಡಿ ಅಂದ್ರೆ 6.1 ಮೀಟರ್. ನಮ್ಮ ಕಾನೂನು ಪ್ರಕಾರ ಲಾರಿಯ ಅಗಲ 2.6 ಮೀಟರ್‌ವರೆಗೆ ಇರಬಹುದು. ಎರಡು ಲಾರಿ ಎದುರಾದರೆ 5.2 ಮೀಟರ್ ಹೋಯ್ತು. ಉಳಿದದ್ದು 90 ಸೆಂಟಿಮೀಟರ್. ಅದನ್ನ ಎಡಗಡೆಗೆ, ಬಲಗಡೆಗೆ, ಮಧ್ಯಕ್ಕೆ ಹಂಚಿ. ಒಂದೊಂದು ಕಡೆ 30 ಸೆಂಟಿಮೀಟರ್, ಶಾಲೆ ಮಕ್ಕಳ ಸ್ಕೇಲಿನಷ್ಟು. ಆ ಸ್ಕೇಲಿನಷ್ಟು ಜಾಗದಲ್ಲಿ ಬೈಕಿನವರು, ನಡೆಯೋರು, ದೇವಸೂಗೂರು ಜಾತ್ರೆಗೆ ಹೊರಟೋರು ಎಲ್ಲರೂ ಹೋಗಬೇಕು.

ಸೇತುವೆಯ ಅಗಲ ಹಾಗೇ ಉಳೀತು, ಸುತ್ತಲಿನ ಲೋಕ ಬದಲಾಯ್ತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ರಾಜಧಾನಿಗೆ ಹೋಗೋ ರಾಜಬೀದಿ ಆಗಿದ್ದದ್ದು ಒಂದೇ ದಿನದಲ್ಲಿ ಪಕ್ಕದ ರಾಜ್ಯಕ್ಕೆ ಹೋಗೋ ರಸ್ತೆ ಆಯ್ತು. ರಾಜಧಾನಿ ಬೆಂಗಳೂರಿಗೆ ಹೋಯ್ತು, ವ್ಯಾಪಾರ ಹೈದರಾಬಾದ್ ಬಿಡಲಿಲ್ಲ. ಈ ಕಡೆ 1953ರಿಂದ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯೋಕೆ ಶುರುವಾಯ್ತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ಕಡೆಗೆ ಹರಿದು ಜೋಳದ ಹೊಲ ಭತ್ತದ ಗದ್ದೆ ಆಯ್ತು. ಭತ್ತ ಬಂದ ಮೇಲೆ ರೈಸ್ ಮಿಲ್, ಮಿಲ್ ಬಂದ ಮೇಲೆ ಲಾರಿ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಶಕ್ತಿನಗರದಲ್ಲಿ 1985ರಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯ್ತು. ರಾಜ್ಯಕ್ಕೆಲ್ಲ ಬೆಳಕು, ರಸ್ತೆಗೆ ಹಾರುಬೂದಿಯ ಟ್ಯಾಂಕರ್‌ಗಳ ಸಾಲು. ಗಂಜ್‌ಗೆ ಹತ್ತಿ ಬರೋ ಸೀಸನ್ನಲ್ಲಂತೂ ಕೇಳೋದೇ ಬೇಡ. ಈ ಭಾರದಲ್ಲಿ ಆಂಧ್ರ, ತೆಲಂಗಾಣದ ಕಡೆಗೆ ಹೋಗೋದೆಲ್ಲ ರಾಯಚೂರು ಊರೊಳಗೆ ನುಗ್ಗಿ, ಕೋಟೆಯ ಸೆರಗಲ್ಲೇ ಹಾದು, ಹೋಗಿ ಆ 20 ಅಡಿಗೆ ಬೀಳಬೇಕು.

ಕಾಲೇಜಲ್ಲಿ ನಮ್ಮ ಮೇಷ್ಟ್ರು ಹೇಳೋರು, ನಲ್ಲಿಯ ಪೈಪು ಎಷ್ಟು ದಪ್ಪ ಅನ್ನೋದು ಮುಖ್ಯ ಅಲ್ಲ, ಎಲ್ಲಿ ಸಣ್ಣ ಆಗುತ್ತೆ ಅನ್ನೋದು ಮುಖ್ಯ ಅಂತ. 2024ರ ಜನವರಿಯಲ್ಲಿ ಆ ಸಣ್ಣ ಜಾಗವೇ ಮುಚ್ಚಿಹೋಯ್ತು. ದುರಸ್ತಿಗೆ ಅಂತ ಕೃಷ್ಣಾ ಬ್ರಿಜ್ ಮೇಲೆ ವಾಹನ ಓಡಾಟ ನಿಲ್ಲಿಸಿದರು. ಎಂಬತ್ತು ವರ್ಷದ ಮುದುಕನಿಗೆ ಆಪರೇಷನ್ ಬೇಕೇ ಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆದ್ರೆ ಬದಲಿ ದಾರಿ ಎಲ್ಲಿ? ಒಂದೋ ಗದ್ವಾಲ್ ಕಡೆಗೆ ಸುತ್ತಿಕೊಂಡು ಹೋಗಬೇಕು, ಇಲ್ಲ ದೇವದುರ್ಗದ ಮೇಲೆ ಶಹಾಪುರಕ್ಕೆ ಹೋಗಿ ಯಾದಗಿರಿ ಹಿಡಿಯಬೇಕು. ಆಚೆ ದಡದ ಹಳ್ಳಿ ಕಣ್ಣಿಗೆ ಕಾಣುತ್ತೆ, ಹೋಗೋಕೆ ಅರ್ಧ ದಿನ. ಆ ದಿನಗಳ ಬಗ್ಗೆ ಒಬ್ಬ ಲಾರಿ ಡ್ರೈವರ್ ಹೇಳಿದ್ದು ಹೀಗೆ. "ಡೀಸೆಲ್ ನಂದಲ್ರಿ, ಮಾಲಕಂದು. ಆದ್ರ ನಿದ್ದಿ ನಂದಲ್ರಿ?"

ಈಗ ನನ್ನ ಮೊದಲ ಪ್ರಶ್ನೆಗೆ ಬರ್ತೀನಿ. ಹೂವಿನಹೆಡಗಿ.

ಸೇತುವೆಗಳಲ್ಲಿ ಎರಡು ಜಾತಿ. ಮಹಾಪೂರ ಬಂದರೂ ಮೇಲೆ ಉಳಿಯೋ ಎತ್ತರದ ಸೇತುವೆ ಒಂದು. ಪೂರ ಬಂದಾಗ ಮುಳುಗಲಿ, ಇಳಿದ ಮೇಲೆ ಮತ್ತೆ ಓಡಾಡೋಣ ಅಂತ ಒಪ್ಪಿಕೊಂಡೇ ಕಟ್ಟೋ ತಗ್ಗಿನ ಸೇತುವೆ ಇನ್ನೊಂದು. ಎರಡನೆಯದು ಎಂಜಿನಿಯರಿಂಗ್ ತಪ್ಪಲ್ಲ, ಅದೂ ಒಂದು ವಿಧಾನ. ಕಂಬ ಗಿಡ್ಡ, ಎರಡೂ ದಡದ ಏರಿ ಗಿಡ್ಡ, ಖರ್ಚು ಗಿಡ್ಡ. ದಿನಕ್ಕೆ ನಾಲ್ಕು ಬಂಡಿ ಹೋಗೋ ಹಳ್ಳಕ್ಕೆ ಸಾಕು. ಆದ್ರೆ ನಾರಾಯಣಪುರದ ಬಸವಸಾಗರದಿಂದ 2 ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಡೋ ಹೊಳೆಗೆ, ಎರಡು ಜಿಲ್ಲೆಗಳ ಕೊಂಡಿಗೆ, ಆ ವಿಧಾನ ಸಾಕಾ? ಸೇತುವೆ ಮುಳುಗಿದಾಗ ಉಳಿದ ಖರ್ಚು ಎಲ್ಲಿಗೂ ಹೋಗಲ್ಲ, ಬೇರೆಯವರ ಲೆಕ್ಕಕ್ಕೆ ವರ್ಗ ಆಗುತ್ತೆ ಅಷ್ಟೇ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದೆ, ದೊಡ್ಡ ಆಸ್ಪತ್ರೆಗಳಿವೆ. ದೇವದುರ್ಗದವರು ಅಲ್ಲಿಗೆ ಹೋಗಬೇಕು ಅಂದ್ರೆ ಆ ದಿನ ತಿಂಥಣಿ ಸೇತುವೆವರೆಗೆ ಸುತ್ತಬೇಕು. ಪೇಶಿಗೆ ಹೊರಟವನ ಬಸ್ ಚಾರ್ಜು, ಕೂಲಿ ಬಿಟ್ಟ ದಿನ, ರೋಗಿ ಹೊತ್ತ ಗಾಡಿಯ ಬಾಡಿಗೆ, ಇದು ಯಾವ ಎಸ್ಟಿಮೇಟ್‌ನಲ್ಲೂ ಬರೆದಿರಲ್ಲ. 2009ರ ಅಕ್ಟೋಬರ್‌ನಲ್ಲಿ, 2019ರ ಆಗಸ್ಟ್‌ನಲ್ಲಿ ಇಡೀ ರಾಜ್ಯ ಪೂರ ನೋಡಿತು. ನಾವು ಟೀವಿಯವರು ನೀರು ತೋರಿಸಿದೆವು, ಈ ಲೆಕ್ಕ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ.

ಇನ್ನೂ ಕೆಳಗೆ, ರಾಯಚೂರು ತಾಲ್ಲೂಕಿನ ಕುರ್ವಕುರ್ದಾ, ಕುರ್ವಕಲಾ ನಡುಗಡ್ಡೆಗಳಲ್ಲಿ ತಗ್ಗಿನ ಸೇತುವೆಯ ಭಾಗ್ಯವೂ ಇಲ್ಲ. ಅಲ್ಲಿ ಸೇತುವೆ ಕೆಲಸ ಶುರುವಾಗಿ ನೆನೆಗುದಿಗೆ ಬಿದ್ದ ಕಥೆ ಹಳೆಯದು. ಅಲ್ಲಿಯವರಿಗೆ ತೆಪ್ಪವೇ ಈಗಲೂ ರಸ್ತೆ.

ಹೊಸ ಕಾಲ ಬಂದಿಲ್ಲ ಅಂತ ನಾನು ಹೇಳ್ತಿಲ್ಲ. ನಿಜಾಮನ ಸೇತುವೆಯ ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ಎದ್ದಿವೆ. ಬೆಳಗಾವಿಯಿಂದ ಹುನಗುಂದ, ಮುದಗಲ್, ಕವಿತಾಳ, ಕಲ್ಮಲಾ ಮೇಲೆ ರಾಯಚೂರಿಗೆ ಬರೋ ರಾಷ್ಟ್ರೀಯ ಹೆದ್ದಾರಿ 748ಎ ಅಗಲ ಆಗ್ತಾ ಇದೆ. ಗೋವಾದಿಂದ ಹೈದರಾಬಾದ್‌ಗೆ ಹೋಗೋ ಕಾರಿಡಾರ್ ಅದು. ಊರ ಹೊರಗಿನ ರಸ್ತೆ, ರಿಂಗ್ ರೋಡ್, ಮೇಲ್ಸೇತುವೆ ಅನ್ನೋ ಮಾತು ರಾಯಚೂರಿನ ಚಹಾ ಅಂಗಡಿಗಳಲ್ಲಿ ನಾನು ಹೋದಲ್ಲೆಲ್ಲ ಕೇಳಿಸ್ತು. ತೀನ್ ಕಂದೀಲ್ ಕಡೆ ಕೆಲಸವೇ ಇಲ್ಲದ ಲಾರಿ ಊರೊಳಗೆ ಬರದೇ ಹೋದರೆ ಊರು ಉಸಿರಾಡುತ್ತೆ, ಅನುಮಾನ ಇಲ್ಲ.

ಆದರೆ ಇಲ್ಲಿ ಎರಡು ಮಾತು ಹೇಳಲೇಬೇಕು. ಒಂದು ನೆಲದ ಮಾತು. ಮಾನ್ವಿ, ದೇವದುರ್ಗದ ನೆಲ ಬಹುಪಾಲು ಎರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಅದರ ಮೇಲೆ ಹಾಕಿದ ಡಾಂಬರು ಎರಡು ಮಳೆಗಾಲಕ್ಕೆ ಅಲೆ ಅಲೆ ಆಗುತ್ತೆ. ಈ ರಸ್ತೆಗಳಲ್ಲಿ ಬಸ್ಸಲ್ಲಿ ಹೋದವರ ಸೊಂಟಕ್ಕೆ ಇದು ಗೊತ್ತು. ಅಂಥ ನೆಲದಲ್ಲಿ, ಅದರಲ್ಲೂ ಹೊಳೆ ದಂಡೆಯಲ್ಲಿ, ಮಣ್ಣಿನ ಏರಿ ಹಾಕಿ ರಸ್ತೆ ಎತ್ತರಿಸೋದು ಅಗ್ಗ. ಆದರೆ ಏರಿ ಅಂದ್ರೆ ಅಡ್ಡಗಟ್ಟೆ. ಪೂರದ ನೀರು ಒಂದು ಕಡೆ ನಿಲ್ಲುತ್ತೆ, ಹೊಲ ಕೊಳೆಯುತ್ತೆ, ರೈತ ತನ್ನ ಹೊಲದ ಇನ್ನರ್ಧಕ್ಕೆ ಹೋಗೋಕೆ ಮೈಲಿ ಸುತ್ತಬೇಕು. ಏರಿಯ ಬದಲು ಸಾಲು ಕಂಬಗಳ ಮೇಲೆ ರಸ್ತೆ ತಗೊಂಡು ಹೋದರೆ, ಅದಕ್ಕೇ ಎಂಜಿನಿಯರ್‌ಗಳು ವಯಾಡಕ್ಟ್ ಅನ್ನೋದು, ಕೆಳಗೆ ನೀರೂ ಹರಿಯುತ್ತೆ, ಬಂಡಿಯೂ ಹೋಗುತ್ತೆ, ಕಂಬದ ಪಾಯ ಎರೆ ದಾಟಿ ಗಟ್ಟಿ ನೆಲ ಮುಟ್ಟುತ್ತೆ. ಖರ್ಚು ಜಾಸ್ತಿ, ಬಹಳ ಜಾಸ್ತಿ. ಈ ಎರಡರಲ್ಲಿ ಯಾವುದು ಅನ್ನೋ ತೀರ್ಮಾನ ಡ್ರಾಯಿಂಗ್ ಹಾಳೆಯ ಮೇಲೆ ಆಗುತ್ತೆ. ಅಲ್ಲಿ ರೈತ ಇರಲ್ಲ.

ಇನ್ನೊಂದು ಇಳಿಯೋ ದಾರಿಯ ಮಾತು. ನಾನು ದಿನಾ ಓಡಾಡೋ ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆ 2003ರಲ್ಲಿ ತೆರೆದಾಗ ಇನ್ನು ಜಾಮ್ ಮುಗೀತು ಅಂದರು. ಜಾಮ್ ಮುಗಿಯಲಿಲ್ಲ, ಇಳಿಯೋ ಬಾಯಿಗೆ ಹೋಗಿ ನಿಂತಿತು. ರಾಯಚೂರಿನ ಹೊಸ ರಸ್ತೆ ಗೋವಾ–ಹೈದರಾಬಾದ್ ಲಾರಿಗೆ ನೂರಕ್ಕೆ ನೂರು ಸಹಾಯ ಮಾಡುತ್ತೆ. ಆದರೆ ಮಾನ್ವಿಯಿಂದ ಭತ್ತ ತರೋ ಟ್ರ್ಯಾಕ್ಟರ್ ಅದಕ್ಕೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು? ದೇವದುರ್ಗದ ಬಸ್ಸು ರಿಮ್ಸ್ ಆಸ್ಪತ್ರೆಗೆ ಹತ್ತಿರ ಇಳಿಸುತ್ತಾ ಅಥವಾ ಊರ ಹೊರಗೆ ಬಿಟ್ಟು ಹೋಗುತ್ತಾ? 1871ರಲ್ಲಿ ಈ ಪ್ರಶ್ನೆ ಕೇಳೋಕೆ ಇಲ್ಲಿಯವರಿಗೆ ಬಾಯಿ ಇರಲಿಲ್ಲ. 1943ರಲ್ಲೂ ಇರಲಿಲ್ಲ. ಈಗ ಗ್ರಾಮ ಪಂಚಾಯಿತಿ ಇದೆ, ಶಾಸಕರಿದ್ದಾರೆ, ಭೂಸ್ವಾಧೀನಕ್ಕೆ ನೋಟಿಸ್ ಕೊಡಲೇಬೇಕು ಅನ್ನೋ ಕಾನೂನಿದೆ, ನಾವು ಟೀವಿಯವರೂ ಇದ್ದೀವಿ. ಕೇಳೋ ಹೊತ್ತು ಕಂಬ ಎದ್ದ ಮೇಲಲ್ಲ, ನಕ್ಷೆ ಮೇಜಿನ ಮೇಲಿರುವಾಗ.

ವಾಪಸ್ ಬರೋ ದಿನ ಸಂಜೆ ಕೃಷ್ಣಾ ಬ್ರಿಜ್‌ನ ದೇವಸೂಗೂರು ಕಡೆ ಬಾಯಲ್ಲಿ ನಿಂತಿದ್ದೆ. ಆಚೆಯಿಂದ ಒಂದು ಟ್ಯಾಂಕರ್, ಈಚೆಯಿಂದ ಒಂದು ಬಸ್ಸು. ಮಧ್ಯಕ್ಕೆ ಬಂದು ಎರಡೂ ನಿಂತವು. ಬಸ್ಸಿನ ಡ್ರೈವರ್ ಕೈ ಹೊರಗೆ ಹಾಕಿ ಕನ್ನಡಿ ಮಡಚಿದರು. ಟ್ಯಾಂಕರಿನವನೂ ಮಡಚಿದ. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಬರ್ಲಿ, ಬರ್ಲಿ, ಇನ್ನs ಬರ್ಲಿ" ಅಂತ ತಡೆಗೋಡೆ ತಟ್ಟಿದರು. ಹಿಂದೆ ಮೂವತ್ತು ಗಾಡಿ ಸುಮ್ಮನೆ ಕಾದವು, ಯಾರೂ ಹಾರ್ನ್ ಹೊಡೆಯಲಿಲ್ಲ.

ಪಕ್ಕದಲ್ಲಿ ಸೌತೆಕಾಯಿ ಮಾರ್ತಿದ್ದ ಅಜ್ಜಿ ನನ್ನ ಮುಖ ಗುರುತು ಹಿಡಿದರು.

"ನೀ ಟೀವಿಯಾಗ ಬರಾಂವ ಅಲ್ಲೇನಪ್ಪ? ಈಗ್ಯಾಕ ಬಂದಿ? ಹೊಳಿ ಇನ್ನಾ ಬಂದಿಲ್ಲಲ್ಲ."